ಅಳಿಯನ ಕಾಲಿಗೆ ಮಾವನ ಕಿವಿಮಾತು

ಅಳಿಯಾ,

ಉಳುಕಿದ ಕಾಲಗಂಟಿನ ಬಾವು ಇಳಿದಿದೆ, ನಡೆಯುವಾಗ ನೋವಿಲ್ಲ, ಬರುವ ಶನಿವಾರ ಬಿ.ಸಿ. ರೋಡಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಕ್ಕೆ ಹೋಗಿಯೇ ಸಿದ್ಧ ಅಂತ ಹಠ ಹಿಡಿದಿದ್ದೀಯಂತೆ. ‘ನಿನ್ನ ಅಳಿಯನಿಗೆ ನೀನೇ ಹೇಳು, ನನ್ನ ಮಾತು ಕೇಳುವುದಿಲ್ಲ’ ಅಂತ ಅಕ್ಕ ಫೋನು ಮಾಡಿದಳು. ಬೆಳ್ತಂಗಡಿ ತಾಲೂಕಿನ ಶಾಲೆಗಳಲ್ಲಿ ಸೀಟಿ ಊದುತ್ತಲೇ ತಲೆ ನೆರೆಸಿಕೊಂಡ ದೈಹಿಕ ಶಿಕ್ಷಕ ನಾನು. ಆಟ ಬಿಡು ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಹೋಗಬೇಡ ಅಂತಲೂ ಸುಮ್ಮನೆ ಹೇಳುವುದಿಲ್ಲ. ಯಾಕೆ ಬೇಡ, ಯಾವಾಗ ಹೋಗಬಹುದು ಅನ್ನುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ಕಾಲಿಗೆ ಬಹಳ ಬೆಲೆ ಉಂಟು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಪಕ್ಕದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೋಣ ಓಡಿಸುವ ಕೆಸರಿನ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದಾಗ ಊರಿಗೆ ಊರೇ ಬೋಲ್ಟ್ ಬೋಲ್ಟ್ ಅಂದಿತು. ಲೆಕ್ಕ ಹಾಕಿದವರು ನೂರು ಮೀಟರಿಗೆ 9.55 ಅಂದರು. ಕೋಣಗಳ ಎಳೆತವೂ ಅದರಲ್ಲಿ ಸೇರಿದೆ ಅನ್ನುವುದನ್ನು ಬಿಟ್ಟು ಹೇಳಿದರು, ಅದು ಬೇರೆ ಮಾತು. ಕೇಂದ್ರದ ಕ್ರೀಡಾ ಸಚಿವರೇ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಬೆಂಗಳೂರು ಕೇಂದ್ರಕ್ಕೆ ಟ್ರಯಲ್ಸಿಗೆ ಕರೆದರು. ಗೌಡರು ಒಪ್ಪಲಿಲ್ಲ. ನನ್ನ ಗಮನವೆಲ್ಲ ಕಂಬಳದ ಮೇಲಿದೆ, ಕಾಲಿಗೂ ಪೆಟ್ಟಾಗಿದೆ ಅಂದರು. ಅಷ್ಟು ದೊಡ್ಡ ಹೆಸರು ಬಂದ ಹೊತ್ತಿನಲ್ಲಿ, ಟಿವಿಯವರೆಲ್ಲ ಮನೆಬಾಗಿಲಿಗೆ ಬಂದಿರುವಾಗ, ಕಾಲು ಸರಿಯಿಲ್ಲ ಅಂತ ಬಾಯಿಬಿಟ್ಟು ಹೇಳುವುದು ಎಲ್ಲರಿಂದ ಆಗುವ ಕೆಲಸವಲ್ಲ. ಅವರ ಓಟಕ್ಕಿಂತ ನನಗೆ ಅದೇ ಹೆಚ್ಚು ಮೆಚ್ಚುಗೆಯಾಯಿತು.

ಈಗ ನಿನ್ನ ಕಾಲಿನ ವಿಷಯ. ರೈಡಿಗೆ ಹೋದವನ ಪಾದ ಒಳಮುಖವಾಗಿ ಹೊರಳಿ ಹೊರಗಂಟಿನ ಕೆಳಗಿನ ಲಿಗಮೆಂಟು ಸ್ವಲ್ಪ ಹರಿದಿದೆ. ಕಬಡ್ಡಿ ಆಡುವವರಲ್ಲಿ ತೀರಾ ಸಾಮಾನ್ಯವಾದ ಪೆಟ್ಟು ಇದು, ಅದಕ್ಕೇ ಇದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆ ಲಿಗಮೆಂಟು ಎಲುಬನ್ನು ಹಿಡಿದಿಡುವ ಹಗ್ಗ ಮಾತ್ರ ಅಲ್ಲ ಮಾರಾಯ. ಪಾದ ಎಷ್ಟು ವಾಲಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳ ತುದಿಗಳೂ ಅದರಲ್ಲೇ ಇರುವುದು. ಹಗ್ಗ ಹರಿದಾಗ ಸುದ್ದಿಯೂ ತಡವಾಗುತ್ತದೆ. ಕಾಲಿನ ಹೊರಬದಿಯ ಸ್ನಾಯು ಪಾದವನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಅದು ಮತ್ತೆ ಹೊರಳಿ ಆಗಿರುತ್ತದೆ. ಬಾವು, ನೋವು ಎರಡು ವಾರದಲ್ಲಿ ಹೋಗುತ್ತವೆ, ಈ ಮಂಕು ತಾನಾಗಿ ಹೋಗುವುದಿಲ್ಲ. ಒಮ್ಮೆ ಹೊರಳಿದ ಗಂಟು ಮತ್ತೆ ಮತ್ತೆ ಹೊರಳುವುದಕ್ಕೆ ಇದೇ ಕಾರಣ. ‘ನನ್ನ ಕಾಲು ಮೊದಲಿನಿಂದಲೂ ವೀಕು’ ಅಂತ ಹೇಳಿಕೊಂಡು ತಿರುಗುವ ಎಷ್ಟೋ ಹುಡುಗರ ಕಾಲು ಹುಟ್ಟಿನಿಂದ ವೀಕಲ್ಲ, ಮೊದಲ ಉಳುಕಿನ ಆರೈಕೆಯನ್ನು ಅರ್ಧಕ್ಕೇ ಬಿಟ್ಟದ್ದು.

ಇದನ್ನು ಅಳೆದು ನೋಡಿದ್ದಾರೆ. 2009ರಲ್ಲಿ ನೆದರ್ಲೆಂಡ್ಸಿನಲ್ಲಿ ಗಂಟು ಉಳುಕಿದ್ದ 522 ಆಟಗಾರರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಎಂದಿನ ಚಿಕಿತ್ಸೆ. ಒಂದು ಗುಂಪಿಗೆ ಮಾತ್ರ ಹೆಚ್ಚಿಗೆ ಎಂಟು ವಾರ, ವಾರಕ್ಕೆ ಮೂರು ಸಲ, ಮನೆಯಲ್ಲೇ ಮಾಡಿಕೊಳ್ಳುವ ಸಮತೋಲನದ ವ್ಯಾಯಾಮ. ಒಂದು ವರ್ಷದೊಳಗೆ ಬರೀ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 33 ಮಂದಿಗೆ ಮತ್ತೆ ಉಳುಕಿತು. ವ್ಯಾಯಾಮ ಮಾಡಿದವರಲ್ಲಿ 22 ಮಂದಿಗೆ. ದುಡ್ಡು ಖರ್ಚಿಲ್ಲ, ಯಂತ್ರ ಬೇಡ, ಒಂಟಿಕಾಲಲ್ಲಿ ನಿಲ್ಲುವ ತಾಳ್ಮೆ ಇದ್ದರೆ ಆಯಿತು. ನೀನು ಬೆಳಿಗ್ಗೆ ಹಲ್ಲುಜ್ಜುವಾಗಲೇ ಶುರು ಮಾಡು. ಮೊದಲು ಕಣ್ಣು ತೆರೆದು, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಮಡಚಿದ ದಿಂಬಿನ ಮೇಲೆ ನಿಂತು. ಇದು ಹಿಡಿತಕ್ಕೆ ಬಂದ ಮೇಲೆ ತಂಗಿಯ ಹತ್ತಿರ ಚೆಂಡು ಎಸೆಯಲು ಹೇಳಿ ಒಂಟಿಕಾಲಲ್ಲೇ ಹಿಡಿ. ಕಣ್ಣು ಮುಚ್ಚಿದ ಕೂಡಲೇ ಪೆಟ್ಟಾದ ಕಾಲು ಎಷ್ಟು ತತ್ತರಿಸುತ್ತದೆ ಅಂತ ಈವತ್ತೇ ನೋಡು. ಶನಿವಾರ ಹೋಗಬೇಕೋ ಬೇಡವೋ ಅಂತ ನಾನು ಹೇಳಬೇಕಾಗಿಲ್ಲ.

ಬಿದ್ದ ದಿನ ನೀನು ಮಾಡಿದ್ದರಲ್ಲಿ ಸರಿಯೂ ಉಂಟು, ತಪ್ಪೂ ಉಂಟು. ಕಾಲು ಎತ್ತರಕ್ಕಿಟ್ಟು ಕ್ರೇಪ್ ಬ್ಯಾಂಡೇಜು ಸುತ್ತಿದ್ದು ಸರಿ. ಆ ರಾತ್ರಿಯೇ ಯಾರೋ ಎಣ್ಣೆ ಬಿಸಿ ಮಾಡಿ ತಿಕ್ಕಿದರಂತೆ, ಅದು ಬೇಡವಾಗಿತ್ತು. ನಾಟಿವೈದ್ಯರನ್ನು ನಾನು ಹಗುರವಾಗಿ ಕಾಣುವವನಲ್ಲ, ಆದರೆ ಒಳಗೆ ರಕ್ತ ಒಸರುತ್ತಿರುವಾಗ ಮೊದಲ ಎರಡು ಮೂರು ದಿನ ಬಿಸಿಯೂ ತಿಕ್ಕುವುದೂ ಬಾವನ್ನು ಹೆಚ್ಚಿಸುತ್ತವೆ. ಯಾರ ಹತ್ತಿರ ಹೋಗುವುದಾದರೂ ಮೊದಲು ಇಷ್ಟು ನೋಡಿಕೊಳ್ಳಬೇಕು: ಪೆಟ್ಟಾದ ಕಾಲೂರಿ ನಾಲ್ಕು ಹೆಜ್ಜೆ ಇಡಲು ಆಗುತ್ತದಾ? ಎರಡೂ ಬದಿಯ ಗಂಟಿನ ಹಿಂಭಾಗದ ಎಲುಬನ್ನು, ಪಾದದ ಹೊರ ಅಂಚಿನ ನಡುವೆ ಉಬ್ಬಿದ ಎಲುಬನ್ನು, ಒಳ ಅಂಚಿನ ಕಮಾನಿನ ಎಲುಬನ್ನು ಒತ್ತಿದರೆ ಜೀವ ಹೋದ ಹಾಗೆ ಆಗುತ್ತದಾ? ನಾಲ್ಕು ಹೆಜ್ಜೆ ಆಗದಿದ್ದರೆ, ಅಥವಾ ಎಲುಬೇ ನೋಯುತ್ತಿದ್ದರೆ ಎಕ್ಸ್-ರೇ ಆಗಬೇಕು. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಮಾಡಿಟ್ಟ ನಿಯಮ ಇದು. ಇವತ್ತಿಗೂ ಲೋಕದ ತುಂಬ ತುರ್ತು ಚಿಕಿತ್ಸೆಯ ವೈದ್ಯರು ಇದನ್ನೇ ಬಳಸುತ್ತಾರೆ. ಮುರಿದ ಎಲುಬನ್ನು ಉಳುಕು ಅಂತ ತಿಕ್ಕಿಸಿಕೊಂಡು ತಿಂಗಳುಗಟ್ಟಲೆ ಕುಂಟಿದ ಹುಡುಗರನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು. ಫಿಜಿಯೋ ಅಂದರೆ ಕರೆಂಟ್ ಇಡುವುದು ಅಂತ ನಮ್ಮೂರಲ್ಲಿ ಒಂದು ನಂಬಿಕೆ. ಹತ್ತು ದಿನ ಕರೆಂಟ್ ಇಟ್ಟಾಯಿತು, ಇನ್ನು ಆಡಬಹುದು ಅಂತ ಬರುತ್ತಾರೆ. ಆ ಯಂತ್ರಗಳಿಂದ ನೋವು ತಾತ್ಕಾಲಿಕವಾಗಿ ಹಗುರವಾಗಬಹುದು. ಬಲ ಬರುವುದು ನೀನೇ ಕಾಲಿಗೆ ಕೆಲಸ ಕೊಟ್ಟಾಗ. ಒಳ್ಳೆಯ ಫಿಜಿಯೋ ಯಾರು ಅಂತ ಕೇಳಿದರೆ, ನಿನ್ನನ್ನು ಹಾಸಿಗೆಯಿಂದ ಎಬ್ಬಿಸಿ ಬೆವರಿಳಿಸುವವರು, ಮನೆಗೆ ಹೋಗಿ ಏನು ಮಾಡಬೇಕು ಅಂತ ಬರೆದುಕೊಡುವವರು. ಮೂಡುಬಿದಿರೆಯಲ್ಲಿ ಓದುವ ನಿನಗೆ ಇದಕ್ಕೆ ದೂರ ಹೋಗುವ ಕಷ್ಟವಿಲ್ಲ. ಅಲ್ಲಿನ ಆಳ್ವಾಸ್ ಸಂಸ್ಥೆಯಲ್ಲಿ ಫಿಜಿಯೋಥೆರಪಿ ಕಾಲೇಜೇ ಉಂಟು, ಸ್ವರಾಜ್ಯ ಮೈದಾನದ ಟ್ರ್ಯಾಕೂ ಅಲ್ಲೇ ಉಂಟು.

ನೋವಿದ್ದರೆ ಮುಟ್ಟಲೇಬಾರದು ಅಂತ ಕೂತುಬಿಡುವವರ ಪಂಗಡವೂ ಒಂದುಂಟು. ಅದೂ ಸರಿಯಲ್ಲ. ಹಿಮ್ಮಡಿಯ ಮೇಲಿನ ದಪ್ಪ ನರ ಅನ್ನುತ್ತೀರಲ್ಲ, ಅದು ನರವಲ್ಲ, ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜು, ಅಕಿಲಿಸ್. ಕಂಬಳದ ಓಟಗಾರರಿಗೆ ಕೆಸರಿನಲ್ಲಿ ಹೂತ ಕಾಲನ್ನು ಎಳೆದೆಳೆದು ಓಡುವಾಗ ಅದರ ಮೇಲೆಯೇ ಭಾರ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ ಅನ್ನುವ ಮೂಳೆ ವೈದ್ಯರಿಗೂ ಅದೇ ರಜ್ಜುವಿನಲ್ಲಿ ನೋವಿತ್ತು. ಆಪರೇಷನ್ ಮಾಡಿ ಅಂದರೆ ಮೇಲಿನವರು ಒಪ್ಪಲಿಲ್ಲ. ಹಾಗಾದರೆ ಹರಿದೇ ಹೋಗಲಿ, ಆಗ ಮಾಡಲೇಬೇಕಾಗುತ್ತದೆ ಅಂತ ಸಿಟ್ಟಿನಲ್ಲಿ ನೋವಿದ್ದ ಕಾಲಿನ ಮೇಲೆಯೇ ಭಾರ ಹಾಕುತ್ತಾ ಹೋದರು. ಹರಿಯಲಿಲ್ಲ, ನೋವೇ ಹೋಯಿತು! 1998ರಲ್ಲಿ ಅವರು ಪ್ರಕಟಿಸಿದ ಕ್ರಮ ಇವತ್ತಿಗೂ ಬಳಕೆಯಲ್ಲಿದೆ. ಜಗುಲಿಯ ಮೆಟ್ಟಿಲ ಅಂಚಿನಲ್ಲಿ ಬೆರಳ ಬುಡ ಊರಿ ನಿಂತು, ಎರಡೂ ಕಾಲಲ್ಲಿ ಮೇಲೇಳಬೇಕು. ಭಾರವನ್ನೆಲ್ಲ ನೋವಿನ ಕಾಲಿಗೆ ಬಿಟ್ಟು ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸಬೇಕು. ಮಂಡಿ ನೇರ ಇಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಮಡಚಿ 15ರಂತೆ ಮೂರು ಸಲ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ 180 ಆಯಿತು. ಹನ್ನೆರಡು ವಾರ. ನೋವು ರಜ್ಜುವಿನ ನಡುವಿನಲ್ಲಿದ್ದರೆ ಹೀಗೆ. ಹಿಮ್ಮಡಿ ಎಲುಬಿಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು, ಅದನ್ನು ಫಿಜಿಯೋ ನೋಡಿ ಹೇಳಬೇಕು. ಮಾಡುವಾಗ ಸ್ವಲ್ಪ ನೋಯಲಿ, ಹತ್ತರಲ್ಲಿ ನಾಲ್ಕೈದು ಅನ್ನುವಷ್ಟರ ತನಕ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ಅದು ಹಿಂದಿನ ದಿನದಷ್ಟಕ್ಕೇ ಬಂದಿರಬೇಕು. ಹೆಚ್ಚಾಗಿದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿಯಾಯಿತು ಅಂತ ಲೆಕ್ಕ.

ನಿನ್ನ ರೂಮಿನ ಹುಡುಗ ಅಗ್ನಿವೀರ್ ಭರ್ತಿಗೆ ಡಾಂಬರು ರಸ್ತೆಯಲ್ಲಿ 1600 ಮೀಟರ್ ಓಡುತ್ತಾನೆ ಅಂದಿದ್ದೆಯಲ್ಲ, ಅವನಿಗೆ ಇಷ್ಟು ಹೇಳು. ಮುಂಗಾಲ ಎಲುಬಿನ ಒಳಬದಿ ಉದ್ದಕ್ಕೂ ಅಂಗೈಯಗಲ ನೋಯುತ್ತಿದ್ದರೆ ಓಟ ಕಡಿಮೆ ಮಾಡಿ ನಿಧಾನವಾಗಿ ಏರಿಸಬಹುದು. ಒಂದೇ ಬೆರಳಿನಲ್ಲಿ ತೋರಿಸಬಹುದಾದ ಚುಕ್ಕೆಯಂಥ ನೋವಾದರೆ, ರಾತ್ರಿ ಮಲಗಿದಾಗಲೂ ಬಿಡದಿದ್ದರೆ, ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಲಿ.

ಮಂಡಿಯ ವಿಷಯದಲ್ಲಿ ಮಾತ್ರ ನನಗೆ ತಮಾಷೆ ಬರುವುದಿಲ್ಲ. ಕಬಡ್ಡಿಯಲ್ಲಿ ಪಾದ ಮ್ಯಾಟಿಗೆ ಅಂಟಿಕೊಂಡಿರುವಾಗ ಮೈ ತಿರುಗುತ್ತದೆ, ಒಳಗೆ ‘ಟಪ್’ ಅಂತ ಶಬ್ದ, ಒಂದೆರಡು ಗಂಟೆಯೊಳಗೆ ಮಂಡಿ ಊದಿಕೊಳ್ಳುತ್ತದೆ. ಅಷ್ಟು ಬೇಗ ಊದಿತು ಅಂದರೆ ಒಳಗೆ ರಕ್ತ ತುಂಬಿದೆ, ಬಹಳ ಸಲ ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟು ಹರಿದಿರುತ್ತದೆ. ಸ್ಪ್ರೇ ಹೊಡೆದು, ನೀಕ್ಯಾಪ್ ಏರಿಸಿ, ‘ಫೈನಲ್ ಒಂದು ಆಡು ಮಾರಾಯ’ ಅನ್ನುವವರು ಆಗ ಸುತ್ತ ಇರುತ್ತಾರೆ. ಮರುದಿನ ಆಸ್ಪತ್ರೆಗೆ ಅವರು ಯಾರೂ ಬರುವುದಿಲ್ಲ. ಹರಿದ ಕೂಡಲೇ ಆಪರೇಷನ್ ಆಗಲೇಬೇಕು ಅಂತಲೂ ಇಲ್ಲ. ಸ್ವೀಡನ್ನಿನಲ್ಲಿ 121 ಮಂದಿ ಯುವಕ ಯುವತಿಯರ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲು ಫಿಜಿಯೋಥೆರಪಿ, ಬೇಕಾದರೆ ಮಾತ್ರ ಆಪರೇಷನ್ ಅಂತ ಹೋದವರು ಎರಡು ವರ್ಷದ ನಂತರ ಆಪರೇಷನ್ ಮಾಡಿಸಿಕೊಂಡವರಷ್ಟೇ ಚೆನ್ನಾಗಿದ್ದರು. ಐದು ವರ್ಷವಾದರೂ ಅವರಲ್ಲಿ ಸುಮಾರು ಅರ್ಧ ಮಂದಿಗೆ ಆಪರೇಷನ್ ಬೇಕಾಗಲಿಲ್ಲ. ವೃತ್ತಿಪರ ಆಟಗಾರರು ಅದರಲ್ಲಿ ಇರಲಿಲ್ಲ ಅನ್ನುವುದನ್ನೂ ನೆನಪಿಡು. ಕಬಡ್ಡಿಯಂಥ ತಿರುಗು ಮುರುಗಿನ ಆಟಕ್ಕೆ ಮರಳುವವರಿಗೆ ಆಪರೇಷನ್ ಬೇಕಾಗುವುದೇ ಹೆಚ್ಚು. ಆಪರೇಷನ್ ಆದವರ ಕಥೆ ಇನ್ನೂ ಗಟ್ಟಿ. ನಾರ್ವೆಯವರು 2016ರಲ್ಲಿ ತೋರಿಸಿದ್ದು ಏನೆಂದರೆ, ಒಂಬತ್ತು ತಿಂಗಳ ತನಕ ಆಟಕ್ಕೆ ಮರಳುವುದನ್ನು ಪ್ರತಿ ಒಂದು ತಿಂಗಳು ಮುಂದೂಡಿದಾಗಲೂ ಮತ್ತೆ ಪೆಟ್ಟಾಗುವ ಸಂಭವ ಅರ್ಧದಷ್ಟು ಇಳಿಯುತ್ತದೆ. ಆರು ತಿಂಗಳಿಗೇ ಅಂಕಣಕ್ಕೆ ಇಳಿಯುವವರು ಆ ಮೂರು ತಿಂಗಳಿನಲ್ಲಿ ಉಳಿಸುವುದು ಏನು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ನಿನ್ನ ತಂಗಿಗೂ ಇದನ್ನು ಓದಿ ಹೇಳು. ಅವಳು ವಾಲಿಬಾಲ್ ಆಡುವವಳು, ಹುಡುಗಿಯರಲ್ಲಿ ಎಸಿಎಲ್ ಹರಿಯುವುದು ಹುಡುಗರಿಗಿಂತ ಹೆಚ್ಚು. ಹಾರಿ ಇಳಿಯುವಾಗ ಮಂಡಿಗಳು ಒಳಗೆ ಬಾಗಿ ಒಂದಕ್ಕೊಂದು ತಾಗುತ್ತವೆಯೋ ಅಂತ ಮೊಬೈಲಿನಲ್ಲಿ ವೀಡಿಯೋ ಮಾಡಿ ನೋಡಿ. ಬಾಗುತ್ತಿದ್ದರೆ ಸೊಂಟದ ಬದಿಯ ಸ್ನಾಯುಗಳಿಗೆ ಕೆಲಸ ಕೊಡಬೇಕು, ಸದ್ದಾಗದ ಹಾಗೆ ಇಳಿಯುವುದನ್ನು ಹೊಸದಾಗಿ ಕಲಿಯಬೇಕು. ತೊಡೆಯ ಹಿಂಭಾಗಕ್ಕೆ ಇಬ್ಬರೂ ಸೇರಿ ಮಾಡುವ ವ್ಯಾಯಾಮ ಒಂದುಂಟು: ಒಬ್ಬರು ಮಂಡಿಯೂರಬೇಕು, ಇನ್ನೊಬ್ಬರು ಹಿಮ್ಮಡಿ ಒತ್ತಿ ಹಿಡಿಯಬೇಕು, ಮಂಡಿಯೂರಿದವರು ಮೈ ನೇರ ಇಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ಬೀಳಬೇಕು. ಹ್ಯಾಮ್‌ಸ್ಟ್ರಿಂಗ್ ಪೆಟ್ಟುಗಳನ್ನು ಅರ್ಧಕ್ಕಿಳಿಸಿದ ವ್ಯಾಯಾಮ ಇದು. ಮೊದಲ ವಾರ ತೊಡೆ ಹಿಡಿದುಕೊಳ್ಳುತ್ತದೆ, ಹೆದರಬೇಡಿ.

ಹಿಂದೆ ನಮಗೆ ಮಳೆಗಾಲಕ್ಕೆ ಮುಂಚೆ ಪತ್ತನಾಜೆ ಅಂತ ಒಂದು ಗಡಿ ಇತ್ತು. ಯಕ್ಷಗಾನ ಮೇಳದವರು ಆರು ತಿಂಗಳು ಧೀಂಗಿಣ ಹಾಕಿ ಹಾಕಿ ಕಾಯಿಸಿದ ಮಂಡಿಗೆ ಅವತ್ತು ಗೆಜ್ಜೆ ಬಿಚ್ಚಿ ವಿರಾಮ. ಭೂತಕೋಲವೂ ಇಲ್ಲ, ಕೋಳಿ ಅಂಕವೂ ಇಲ್ಲ. ನಿಮಗೆ ಹಾಗಲ್ಲ. ಬೇಸಿಗೆಯಲ್ಲಿ ವಾರಕ್ಕೆ ಮೂರು ರಾತ್ರಿ ಪಂದ್ಯಾಟ, ಮಳೆ ಬಂದರೆ ಒಳಾಂಗಣ, ಆಟಿ ತಿಂಗಳಲ್ಲಿ ಕೆಸರುಗದ್ದೆ ಆಟ. ಕೆಸರುಗದ್ದೆ ಓಟಕ್ಕೆ ಉಳುಕಿದ ಗಂಟು ಇಟ್ಟುಕೊಂಡು ಇಳಿಯುವುದನ್ನು ಈ ವರ್ಷ ಬಿಡು, ಪಾದ ಎಲ್ಲಿ ಹೂತಿದೆ ಅಂತ ಕಣ್ಣಿಗೂ ಕಾಣದ ಜಾಗ ಅದು. ಪತ್ತನಾಜೆಯಿಂದ ಆಟಿ ಮುಗಿಯುವ ತನಕದ ಮಳೆಗಾಲವನ್ನು ಬಲ ತುಂಬಿಕೊಳ್ಳಲು ಇಟ್ಟುಕೋ.

ಅಂಕಣಕ್ಕೆ ಯಾವಾಗ ಇಳಿಯಬಹುದು ಅಂತ ಕ್ಯಾಲೆಂಡರು ಹೇಳುವುದಿಲ್ಲ. ಅಂಗಳದಲ್ಲಿ ಮಸಿಯಿಂದ ಒಂದು ಗೆರೆ ಎಳೆ. ಸರಿಯಿರುವ ಕಾಲಲ್ಲಿ ನಿಂತು ಅದೇ ಕಾಲಿಗೆ ಹಾರಿ, ತತ್ತರಿಸದೆ ನಿಂತ ಜಾಗಕ್ಕೆ ಗುರುತು ಮಾಡು. ಮೂರು ಸಲ ಹಾರಿ ಹೆಚ್ಚಿನದನ್ನು ತೆಗೆದುಕೋ. ಅದು 150 ಸೆಂಟಿಮೀಟರ್ ಆದರೆ ಪೆಟ್ಟಾದ ಕಾಲು ಕನಿಷ್ಠ 135 ಹಾರಬೇಕು, ನೂರಕ್ಕೆ ತೊಂಬತ್ತು. ಆಮೇಲೆ ಪಕ್ಕಕ್ಕೆ ಹಾರು. ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿ ಎತ್ತಿ ಇಳಿಸು, ಎರಡೂ ಕಾಲಿನ ಎಣಿಕೆ ಹತ್ತಿರ ಹತ್ತಿರ ಬರಬೇಕು. ಅದಾದ ಮೇಲೆ ನೇರ ಓಟ, ಆಮೇಲೆ ತಿರುವಿನ ಓಟ, ಆಮೇಲೆ ಹುಡುಗರ ಜೊತೆ ಅಭ್ಯಾಸ. ಕೊನೆಗೆ ಪಂದ್ಯ, ಅದೂ ಮೊದಲ ಕೆಲವು ತಿಂಗಳು ಗಂಟಿಗೆ ಲೇಸ್ ಇರುವ ಬ್ರೇಸ್ ಅಥವಾ ಟೇಪ್ ಹಾಕಿಕೊಂಡು. ಬ್ರೇಸಿನ ದುಡ್ಡು ನಾನು ಕೊಡುತ್ತೇನೆ.

ಹಾರಿದ ಅಳತೆ ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ಕಳಿಸು, ಎರಡೂ ಕಾಲಿನದು. ಶನಿವಾರದ ಸಂಘಟಕರು ಅತಿಥಿ ಆಟಗಾರ ಬೇಕೇ ಬೇಕು, ಹೆಸರು ಕೊಟ್ಟಾಗಿದೆ ಅಂತ ಗೋಗರೆದರೆ ನನ್ನ ನಂಬರ್ ಕೊಡು. ಅವರಲ್ಲಿ ಅರ್ಧ ಮಂದಿ ನನ್ನ ಸೀಟಿಗೆ ಓಡಿದವರೇ, ನಾನು ಮಾತಾಡುತ್ತೇನೆ.