ವಯಸ್ಸು ಮತ್ತು ಅಲರ್ಜಿ: ಪರೀಕ್ಷಾ ಟಿಪ್ಪಣಿ

1. ಅಲರ್ಜಿ: ನಿರುಪದ್ರವಿ ವಸ್ತುವಿಗೂ ರೋಗನಿರೋಧಕ ವ್ಯವಸ್ಥೆ ತೋರುವ ಅತಿಪ್ರತಿಕ್ರಿಯೆ. ಪದ ಕೊಟ್ಟವರು ವಾನ್ ಪಿರ್ಕೆ (1906). ಅನಾಫಿಲಾಕ್ಸಿಸ್ (ತೀವ್ರ ಅಲರ್ಜಿ ಆಘಾತ) ಸಂಶೋಧನೆಗೆ ನೊಬೆಲ್ ಪಡೆದವರು ಚಾರ್ಲ್ಸ್ ರಿಷೆ (1913). ಈ ಎರಡು ಹೆಸರು ಅದಲುಬದಲಾಗದಿರಲಿ.

2. ಶಿಶು: ತಾಯಿಯ ಪ್ರತಿಕಾಯಗಳಲ್ಲಿ ಜರಾಯುವಿನ ಮೂಲಕ ಬರುವುದು ಐಜಿಜಿ, ಎದೆಹಾಲಿನಲ್ಲಿ ಮುಖ್ಯವಾಗಿ ಐಜಿಎ. ಅಲರ್ಜಿಯ ಐಜಿಇ ಜರಾಯು ದಾಟದು.

3. ಬಾಲ್ಯ: ಹಾಲು, ಮೊಟ್ಟೆಯ ಅಲರ್ಜಿ ಬೆಳೆಯುತ್ತಾ ಬಹುಪಾಲು ಮಾಯ. ಅನಂತಪುರ ಸೀಮೆಯ ಮುಖ್ಯ ಬೆಳೆ ಶೇಂಗಾದ ಅಲರ್ಜಿ ಹಾಗಲ್ಲ. ಹೋಗುವುದು ಸುಮಾರು 5ರಲ್ಲಿ 1 ಮಗುವಿಗೆ.

4. ವಯಸ್ಕರು: ಅದೇ ಸೀಮೆಯ ರಾಯದುರ್ಗ, ಮಡಕಶಿರಾ ಕಡೆಯ ರೈತರಿಗೆ ಗೊತ್ತಿರುವ ಉದಾಹರಣೆ ಪಾರ್ಥೇನಿಯಂ (ಕಾಂಗ್ರೆಸ್ ಗಿಡ). ವರ್ಷಗಟ್ಟಲೆ ಕಳೆ ಕಿತ್ತ ಮೇಲೆ ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ತುರಿಕೆ. ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಕಾರಕ: ಪಾರ್ಥೆನಿನ್. ನಿಯಂತ್ರಕ ಕೀಟ: ಮೆಕ್ಸಿಕನ್ ಜೀರುಂಡೆ ಜೈಗೋಗ್ರಾಮಾ (ಬೆಂಗಳೂರಿನಲ್ಲಿ ಬಿಡುಗಡೆ, 1984).

5. ವೃದ್ಧಾಪ್ಯ: ಟಿ ಕೋಶ ಬಲಿಯುವ ಥೈಮಸ್ ಗ್ರಂಥಿ ಕುಗ್ಗುವುದು ಮುಪ್ಪಿನಲ್ಲಲ್ಲ, ಬಹಳ ಮೊದಲೇ ಶುರು. ಹೊಸ ಟಿ ಕೋಶ ಕಡಿಮೆ, ಲಸಿಕೆಗೆ ಸ್ಪಂದನೆ ಮಂದ, ಸರ್ಪಸುತ್ತು ಹೆಚ್ಚು. ರೋಗನಿರೋಧಕ ವ್ಯವಸ್ಥೆಯ ಈ ಕುಂದುವಿಕೆಯ ಹೆಸರು: ಇಮ್ಯುನೋಸೆನೆಸೆನ್ಸ್. ಆದರೂ ‘ವಯಸ್ಸಾದವರಿಗೆ ಹೊಸ ಅಲರ್ಜಿ ಬರದು’ ಎಂಬ ಆಯ್ಕೆ ತಪ್ಪು.

ಗೊಂದಲದ ಜಾಗ:
- ಶೇಂಗಾ ಅಲರ್ಜಿ: ಟೈಪ್ 1, ಐಜಿಇ, ಹಿಸ್ಟಮಿನ್, ನಿಮಿಷಗಳಲ್ಲಿ.
- ಪಾರ್ಥೇನಿಯಂ ಚರ್ಮದುರಿ: ಮುಖ್ಯವಾಗಿ ಟೈಪ್ 4, ಟಿ ಕೋಶ, 1–3 ದಿನಕ್ಕೆ.