ಮುಚ್ಚಲೊಲ್ಲೆ ಎನ್ನುವ ಬಾಗಿಲು

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಡಾಲಸ್ ಹತ್ತಿರ ಮನೆ ತೆಗೆದುಕೊಂಡಿದ್ದಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ನಾನೂ ನಮ್ಮ ಯಜಮಾನರೂ ಈ ಸಲವೂ ಆರು ತಿಂಗಳಿಗೆ ಹೊರಟಿದ್ದೇವೆ. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಎರಡೂವರೆ. ಹೋದ ಸಲ ಆ ಮನೆಯ ಗ್ಯಾರೇಜ್ ಬಾಗಿಲು ಕಂಡರೇ ನನಗೆ ದಿಗಿಲಾಗುತ್ತಿತ್ತು. ‘ಅದಕ್ಕೆ ಕಣ್ಣಿದೆ ಅತ್ತೆ, ಮಗು ಅಡ್ಡ ಬಂದರೆ ತಾನೇ ಮೇಲೆ ಹೋಗುತ್ತೆ’ ಎನ್ನುತ್ತಾರೆ ಅಳಿಯ. ಆದರೆ ಒಮ್ಮೊಮ್ಮೆ ಯಾರೂ ಅಡ್ಡ ಇಲ್ಲದಿದ್ದರೂ ಅರ್ಧ ಇಳಿದು ಮತ್ತೆ ಮೇಲೇರುತ್ತದೆ. ಆಗ ಗೋಡೆಯ ಬಟನ್ ಒತ್ತಿ ಹಿಡಿದರೆ ಮುಚ್ಚಿಕೊಳ್ಳುತ್ತದೆ. ಆ ಕಣ್ಣಿಗೆ ನಿಜಕ್ಕೂ ಮಗು ಕಾಣಿಸುತ್ತದೆಯೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಗು ಎಂದು ಅದಕ್ಕೆ ಕಾಣಿಸುವುದಿಲ್ಲ. ಬಾಗಿಲಿನ ಎಡಬಲದಲ್ಲಿ, ನೆಲದಿಂದ ಆರು ಇಂಚು ಮೀರದ ಎತ್ತರದಲ್ಲಿ, ಎರಡು ಪುಟ್ಟ ಡಬ್ಬಿಗಳಿರುತ್ತವೆ. ಒಂದು ಡಬ್ಬಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಿಡುತ್ತದೆ, ಎದುರಿನದು ಅದನ್ನು ಹಿಡಿಯುತ್ತದೆ. ಬಾಗಿಲು ಇಳಿಯುತ್ತಿರುವಾಗ ಈ ಬೆಳಕಿನ ಎಳೆಗೆ ಏನಾದರೂ ಅಡ್ಡ ಬಂದರೆ ಮೋಟಾರು ಬಾಗಿಲನ್ನು ಮೇಲಕ್ಕೆ ಒಯ್ಯುತ್ತದೆ. ಮಗುವಿನ ಕಾಲಾದರೂ ಅಷ್ಟೇ, ಒಣಗಿದ ಎಲೆಯಾದರೂ ಅಷ್ಟೇ. ಅಷ್ಟು ತಗ್ಗಿನಲ್ಲಿ ಇಟ್ಟಿರುವುದು ಅಂಬೆಗಾಲಿಡುವ ಕೂಸೂ ನೆಲದಲ್ಲಿ ಮಲಗಿದ ಮಗುವೂ ತಪ್ಪಿಹೋಗದಿರಲಿ ಎಂದು.

ಈ ಕಣ್ಣುಗಳು ಸುಮ್ಮನೆ ಬಂದವಲ್ಲ. 1982ರ ಮಾರ್ಚ್‌ನಿಂದ ಎಣಿಸಿ, 2ರಿಂದ 14 ವರ್ಷದೊಳಗಿನ ಸುಮಾರು 60 ಮಕ್ಕಳು ಮೋಟಾರಿನ ಗ್ಯಾರೇಜ್ ಬಾಗಿಲಿನಡಿ ಸಿಕ್ಕಿ ಸತ್ತಿದ್ದಾರೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಲೆಕ್ಕ ಕೊಟ್ಟಿತ್ತು. ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕು ಮಕ್ಕಳು, ಅದೂ ತಮ್ಮ ಮನೆಯ ಅಂಗಳದಲ್ಲೇ. ಏನಾದರೂ ತಗುಲಿದರೆ ಹಿಂದಿರುಗುವ ಏರ್ಪಾಡು ಆಗಲೂ ಎಷ್ಟೋ ಯಂತ್ರಗಳಲ್ಲಿತ್ತು, ಅದೊಂದೇ ಸಾಲಲಿಲ್ಲ. 1990ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. 1993ರ ಜನವರಿ 1ರ ನಂತರ ತಯಾರಾಗುವ ಮನೆಬಳಕೆಯ ಯಂತ್ರಗಳಿಗೆ ಬೆಳಕಿನ ಕಣ್ಣು ಅಥವಾ ಅದಕ್ಕೆ ಸಮನಾದ ಇನ್ನೊಂದು ರಕ್ಷಣೆ ಕಡ್ಡಾಯವಾಯಿತು. ಹಾಗಾಗಿ ಅಳಿಯಂದಿರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಟನ್ ಒತ್ತಿ ಹಿಡಿಯುವ ಆ ಸಾಲು.

ದಯವಿಟ್ಟು ಅದನ್ನು ಮಾಡಬೇಡಿ, ಮನೆಯಲ್ಲಿ ಯಾರಿಗೂ ಮಾಡಲು ಬಿಡಬೇಡಿ. ಗೋಡೆಯ ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತೂ ಯಂತ್ರ ಆ ಕಣ್ಣುಗಳ ಮಾತು ಕೇಳುವುದಿಲ್ಲ. ಬಟನ್ ಹಿಡಿದು ನಿಂತವರು ಬಾಗಿಲನ್ನೇ ನೋಡುತ್ತಿರುತ್ತಾರೆ ಎಂದು ನಂಬಿ ಹಾಗೆ ಮಾಡಿದ್ದಾರೆ. ಆದರೆ ನಡುವೆ ಕಾರು ನಿಂತಿದ್ದರೆ ಆಚೆ ಬದಿಯ ನೆಲ ನಮಗೆಲ್ಲಿ ಕಾಣುತ್ತದೆ? ಎರಡೂವರೆ ವರ್ಷದ ಮಗು ಬಂಪರಿಗಿಂತ ಸ್ವಲ್ಪವೇ ಎತ್ತರ. ಬಾಗಿಲು ಮುಚ್ಚಲೊಲ್ಲೆ ಎಂದಾಗ ಏನೋ ಕಂಡಿದೆ ಎಂದೇ ತಿಳಿದು, ನಡೆದು ಹೋಗಿ ನೋಡಿ. ಯಾರೂ ಇಲ್ಲವಾದರೆ ಡಬ್ಬಿಗಳ ಹತ್ತಿರ ಬಗ್ಗಿ. ಜೇಡರ ಬಲೆ, ಧೂಳು, ಸೈಕಲ್ ತಗುಲಿ ಸ್ವಲ್ಪ ತಿರುಗಿದ ಡಬ್ಬಿ, ಇಲ್ಲವೇ ಬೆಳಿಗ್ಗೆ ಸಂಜೆ ಓರೆಯಾಗಿ ಬೀಳುವ ಬಿಸಿಲು: ಕಾರಣ ಬಹುಮಟ್ಟಿಗೆ ಇವುಗಳಲ್ಲೊಂದು. ಒಣಬಟ್ಟೆಯಿಂದ ಗಾಜು ಒರೆಸಿ, ಎರಡೂ ಒಂದಕ್ಕೊಂದು ನೇರಕ್ಕಿವೆಯೇ ನೋಡಿ. ಸರಿಯಾಗಿ ಕೂತಾಗ ಅವುಗಳ ಮೇಲಿನ ಪುಟ್ಟ ದೀಪಗಳು ಮಿನುಗದೆ ಒಂದೇ ಸಮ ಉರಿಯುತ್ತವೆ.

ಪದೇ ಪದೇ ಹಿಂದಿರುಗುವ ಬಾಗಿಲಿನ ಕಾಟ ತಾಳಲಾರದೆ ಕೆಲವರು ಇನ್ನೂ ಕೆಟ್ಟ ಕೆಲಸ ಮಾಡುತ್ತಾರೆ. ಎರಡೂ ಡಬ್ಬಿಗಳನ್ನು ಬಿಚ್ಚಿ, ಮೇಲೆ ಮೋಟಾರಿನ ಪಕ್ಕದಲ್ಲಿ ಎದುರುಬದುರಾಗಿ ಕಟ್ಟಿಬಿಡುತ್ತಾರೆ. ಬೆಳಕು ಒಂದರಿಂದ ಇನ್ನೊಂದಕ್ಕೆ ಸದಾ ತಲುಪುತ್ತದೆ, ಬಾಗಿಲು ತಕರಾರಿಲ್ಲದೆ ಮುಚ್ಚುತ್ತದೆ, ಕೆಳಗೆ ಕಾಯುವವರು ಯಾರೂ ಇರುವುದಿಲ್ಲ. ಹಿಂದಿನ ಮಾಲೀಕರು ಹಾಗೆ ಮಾಡಿಟ್ಟು ಹೋಗಿದ್ದರೂ ಇರಬಹುದು. ಹೋದ ದಿನವೇ ತಲೆಯೆತ್ತಿ ನೋಡಿ. ಚಳಿಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಮೋಟಾರಿನ ಬಲ ಹೆಚ್ಚಿಸುವುದೂ ಇದರ ತಮ್ಮನೇ. ಬಲ ಹೆಚ್ಚಿಸಿದಷ್ಟೂ, ತಗುಲಿದಾಗ ಹಿಂದಿರುಗುವ ಗುಣ ಮಂಕಾಗುತ್ತದೆ.

ಈ ಎರಡನೆಯ ಗುಣವೂ ಬೇಕೇ ಬೇಕು. ಬೆಳಕಿನ ಎಳೆ ಬಾಗಿಲಿಗಿಂತ ಕೆಲವು ಇಂಚು ಒಳಗಿರುತ್ತದೆ. ಹೊರಗೆ ಕೂತು ಕೆಳಗಿನ ಸಂದಿಗೆ ಕೈ ತೂರಿಸುವ ಮಗು ಎಳೆಯನ್ನು ಮುಟ್ಟದೆಯೂ ಇರಬಹುದು. ಆಗ ಉಳಿಯುವ ದಾರಿ, ಬಾಗಿಲು ತಾನೇ ತಡೆಯನ್ನು ಅರಿತು ಮೇಲೇಳುವುದು. ಅದನ್ನು ಪರೀಕ್ಷಿಸಲು ಒಂದೂವರೆ ಇಂಚು ದಪ್ಪದ ಮರದ ತುಂಡೊಂದನ್ನು ಬಾಗಿಲಿನ ನಟ್ಟನಡುವೆ ನೆಲಕ್ಕೆ ಅಡ್ಡ ಮಲಗಿಸಿ ಬಟನ್ ಒತ್ತಿ. ಮರ ತಾಗಿದ ಎರಡು ಸೆಕೆಂಡಿನೊಳಗೆ ಬಾಗಿಲು ಮೇಲೇಳಬೇಕು. ಕಣ್ಣುಗಳ ಪರೀಕ್ಷೆಗೆ, ಬಾಗಿಲು ಇಳಿಯುತ್ತಿರುವಾಗ ದೂರದಿಂದ ಪೊರಕೆಯ ಕೋಲನ್ನು ಎಳೆಗೆ ಅಡ್ಡ ಹಿಡಿದರೆ ಸಾಕು. ಎರಡನ್ನೂ ತಿಂಗಳಿಗೊಮ್ಮೆ ಮಾಡಬೇಕು. ಯಾವುದರಲ್ಲಿ ಸೋತರೂ, ರಿಪೇರಿಯಾಗುವ ತನಕ ಮೋಟಾರು ಬಳಸಬೇಡಿ. ಮರದ ಪರೀಕ್ಷೆಯಲ್ಲಿ ಗೆದ್ದ ಮಾತ್ರಕ್ಕೆ ಬೆರಳು ಉಳಿಯುತ್ತದೆ ಎಂದುಕೊಳ್ಳಬೇಡಿ. ಯಂತ್ರದ ನಿಯಮ ಒಂದು ಇಂಚು ದಪ್ಪದ ಅಡ್ಡಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಮಗುವಿನ ಬೆರಳು ಅದಕ್ಕಿಂತ ತೆಳು. ಬಾಗಿಲಿನ ಹಲಗೆಗಳು ಮಡಚಿಕೊಳ್ಳುವ ಸಂದುಗಳಲ್ಲೂ ಇದೇ ಅಪಾಯ. ಬಾಗಿಲು ಅಲುಗುವಾಗ ಯಾವ ಮಗುವಿನ ಕೈಯೂ ಅದರ ಮೇಲಿರಬಾರದು.

ಇನ್ನು ನಿಮ್ಮ ದಿಗಿಲಿನ ವಿಷಯ. ಎರಡು ಕಾರಿನ ಅಗಲದ ಬಾಗಿಲು 70 ಕಿಲೋದಿಂದ 100 ಕಿಲೋ ತನಕ ತೂಗುವುದುಂಟು. ಅದನ್ನು ಎತ್ತುವುದು ಮೋಟಾರಲ್ಲ, ಸ್ಪ್ರಿಂಗು. ಏತದ ಹಿಂತುದಿಗೆ ಕಲ್ಲು ಕಟ್ಟಿ ಮುಂದಿನ ಕೊಡವನ್ನು ಹಗುರ ಮಾಡುತ್ತಿದ್ದರಲ್ಲ, ಇಲ್ಲಿ ಆ ಕಲ್ಲಿನ ಕೆಲಸ ಬಿಗಿದು ಸುತ್ತಿದ ಉಕ್ಕಿನದು. ಅದು ಸರಿಯಿರುವ ತನಕ ಅಷ್ಟು ಭಾರವನ್ನು ನೀವೂ ಕೈಯಲ್ಲಿ ಎತ್ತಬಹುದು. ತುಂಡಾದರೆ ಪೂರ್ತಿ ಭಾರ ಒಮ್ಮೆಗೇ ಕೆಳಗೆ ಬರುತ್ತದೆ. ಸಾಮಾನ್ಯ ಸ್ಪ್ರಿಂಗಿನ ಆಯುಸ್ಸು ಹತ್ತು ಸಾವಿರ ಸಲ ತೆರೆದು ಮುಚ್ಚುವಷ್ಟು. ಅದನ್ನು ಬಿಗಿ ಮಾಡುವುದು, ಬದಲಿಸುವುದು ಕಸುಬುದಾರರ ಕೆಲಸ. ಅಳಿಯಂದಿರು ಎಷ್ಟೇ ಕೈಚಳಕದವರಾದರೂ ಅದಕ್ಕೆ ಕೈ ಹಾಕುವುದು ಬೇಡ.

ಮನೆಯೊಳಗಿನ ಅಭ್ಯಾಸಗಳ ಕಡೆಗೂ ಒಂದು ಕಣ್ಣಿರಲಿ. ಅಲ್ಲಿನ ನಮ್ಮವರ ಎಷ್ಟೋ ಮನೆಗಳಲ್ಲಿ ಓಡಾಟವೆಲ್ಲ ಗ್ಯಾರೇಜಿನಿಂದಲೇ. ಚಪ್ಪಲಿ ಸ್ಟ್ಯಾಂಡೂ ಆ ಬಾಗಿಲ ಬಳಿಯೇ, ಬಟನ್ನಿನ ಕೆಳಗೇ. ಬಟನ್ ನೆಲದಿಂದ ಐದು ಅಡಿ ಎತ್ತರದಲ್ಲಿ, ಬಾಗಿಲು ಕಾಣುವ ಜಾಗದಲ್ಲಿ ಇರಬೇಕೆಂಬ ನಿಯಮ ಮಕ್ಕಳ ಕೈಗೆ ಎಟುಕದಿರಲಿ ಎಂದೇ ಮಾಡಿದ್ದು. ಸ್ಟ್ಯಾಂಡ್ ಹತ್ತಿದ ಮೊಮ್ಮಗಳಿಗೆ ಐದು ಅಡಿ ಏನೂ ಅಲ್ಲ. ಅದನ್ನು ಬೇರೆ ಕಡೆ ಸರಿಸಿ. ರಿಮೋಟು ಆಟದ ಸಾಮಾನಾಗದಂತೆ ಎತ್ತಿಡಿ.

ದೊಡ್ಡವರು ಬಟನ್ ಒತ್ತಿ, ಇಳಿಯುವ ಬಾಗಿಲಿನಡಿ ಬಗ್ಗಿ ಓಡಿ, ಬೆಳಕಿನ ಎಳೆಯನ್ನು ಕಾಲೆತ್ತಿ ದಾಟಿ ಹೊರಗೆ ಬರುವುದನ್ನು ನೀವು ಖಂಡಿತ ನೋಡಿರುತ್ತೀರಿ. ಮಕ್ಕಳು ಕಲಿಯುವುದು ಇದನ್ನೇ. ಆರು ವರ್ಷದವಳಿಗೆ ಅದೊಂದು ಓಟದ ಪಂದ್ಯ. ಅಕ್ಕ ದಾಟಿದಳೆಂದು ಹಿಂದೆ ಓಡುವುದು ತಮ್ಮ. ಅಂಥ ನಡೆ ಆ ಮನೆಯಲ್ಲಿ ಯಾರದೂ ಆಗದಿರಲಿ. ಬಾಗಿಲು ಪೂರ್ತಿ ನೆಲ ಮುಟ್ಟುವ ತನಕ ಒಬ್ಬ ದೊಡ್ಡವರು ನಿಂತು ನೋಡಬೇಕು. ಕಾರಿನಲ್ಲಿ ಹೊರಟವರೂ ಬಟನ್ ಒತ್ತಿ ಬೀದಿಗೆ ತಿರುಗಿಬಿಡಬಾರದು. ಆಫೀಸಿನಿಂದ ಮೊಬೈಲಿನಲ್ಲಿ ಮುಚ್ಚುವ ಸೌಕರ್ಯ ಇದ್ದರೆ, ಇಳಿಯುವ ಮುಂಚೆ ಐದು ಸೆಕೆಂಡಾದರೂ ದೀಪ ಮಿನುಗಿ ಬೀಪ್ ಸದ್ದಾಗಬೇಕೆಂಬ ನಿಯಮವಿದೆ. ‘ಬೀಪ್ ಕೇಳಿದರೆ ಅಜ್ಜಿ ಹತ್ತಿರ ಓಡಿ ಬಾ’ ಎಂದು ದಿನಾ ಆಡಿಸಿ ರೂಢಿ ಮಾಡಿಸಬಹುದು. ಆದರೂ ನೀವು ಮನೆಯಲ್ಲಿದ್ದಾಗ ಫೋನಿನಿಂದ ಮುಚ್ಚಬೇಡಿ ಎಂದು ಅಳಿಯಂದಿರನ್ನು ಕೇಳಿಕೊಳ್ಳಿ. ಅವರಿಗೆ ಕಾಣದ್ದು ನಿಮಗೆ ಕಾಣುತ್ತಿರುತ್ತದೆ.

ಊರಿನ ಮನೆಗೆ ಭಾರದ ಸ್ಲೈಡಿಂಗ್ ಗೇಟಿದ್ದರೆ, ಹೊರಡುವ ಮುಂಚೆ ಅದನ್ನೂ ನೋಡಿಬಿಡಿ. ನಮ್ಮಲ್ಲಿ ಕಂಬಿ ತಪ್ಪಿದ ಗೇಟು ಮಕ್ಕಳ ಮೇಲೆ ಬಿದ್ದ ಸುದ್ದಿ ಆಗಾಗ ಬರುತ್ತದೆ. ಕಂಬಿಯ ತುದಿಗಳಲ್ಲಿ ಗಟ್ಟಿ ಸ್ಟಾಪರ್ ಇದೆಯೇ, ಗೇಟನ್ನು ಮೇಲೆ ಹಿಡಿದಿರುವ ಕಬ್ಬಿಣ ಸಡಿಲವಾಗಿದೆಯೇ ಎಂಬುದನ್ನು ವೆಲ್ಡಿಂಗ್‌ನವರು ಒಂದು ಗಳಿಗೆಯಲ್ಲಿ ಹೇಳುತ್ತಾರೆ.

ಡಾಲಸ್‌ಗೆ ಹೋದ ಮೇಲೆ ಕಲಿಯಬೇಕಾದ್ದು ಇನ್ನೊಂದಿದೆ. ಮೋಟಾರಿನ ಕಂಬಿಯಿಂದ ಒಂದು ಕೆಂಪು ಹಿಡಿಯ ಹಗ್ಗ ಜೋತಾಡುತ್ತಿರುತ್ತದೆ. ಅದನ್ನು ಎಳೆದರೆ ಬಾಗಿಲು ಮೋಟಾರಿನಿಂದ ಕಳಚಿಕೊಳ್ಳುತ್ತದೆ, ಕೈಯಲ್ಲಿ ಎತ್ತಬಹುದು. ಕರೆಂಟು ಹೋದಾಗ ಬಾಗಿಲು ಮುಚ್ಚಿದ್ದರೆ ಮಾತ್ರ ಎಳೆಯಿರಿ. ತೆರೆದ ಬಾಗಿಲಿನ ಸ್ಪ್ರಿಂಗ್ ಕೆಟ್ಟಿದ್ದರೆ ಎಳೆದೊಡನೆ ಧೊಪ್ಪನೆ ಬೀಳುತ್ತದೆ. ಆದರೆ ಬಾಗಿಲಿನಡಿ ಯಾರಾದರೂ ಸಿಕ್ಕಿಕೊಂಡರೆ, ಬಟನ್ ಒತ್ತಿದರೂ ಅದು ಮೇಲೇಳದಿದ್ದರೆ, ಹಗ್ಗ ಎಳೆದು ಇಬ್ಬರೂ ಸೇರಿ ಎತ್ತಿ, ಕೂಡಲೇ 911ಕ್ಕೆ ಫೋನ್ ಮಾಡಿ. ಬಾಗಿಲು ಮುಚ್ಚಿಟ್ಟು ಒಮ್ಮೆ ಅಳಿಯಂದಿರ ಎದುರಿಗೇ ನೀವೂ ಯಜಮಾನರೂ ಈ ಹಗ್ಗ ಎಳೆದು ಅಭ್ಯಾಸ ಮಾಡಿಕೊಳ್ಳಿ. ಮನೆಯ ವಿಳಾಸವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆಸಿ ಬಟನ್ನಿನ ಪಕ್ಕದಲ್ಲಿ ಅಂಟಿಸಿ.