ಗಣಕಯಂತ್ರದ ತಿರುಳೂ ಅದರ ಘಟಕಗಳೂ: ನವೀಕರಣದ ಒಂದು ಪಾಠ

ವ್ಯಾಕರಣವನ್ನು ಬೋಧಿಸುವವನು ಗಣಕಯಂತ್ರವನ್ನು ಕುರಿತು ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಶ್ರೀಮಠದ ಶಾಲೆಯ ಈ ಸ್ಮರಣ ಸಂಚಿಕೆಯ ಬರಹಗಳು ಇಂದು ಬೆರಳಚ್ಚಾಗುವುದು ನಮ್ಮ ಗಣಕ ಕೊಠಡಿಯಲ್ಲಿಯೇ. ಅವುಗಳನ್ನು ತಿದ್ದುವ ಹೊಣೆ ನನ್ನದು. ೨೦೨೨ರಲ್ಲಿ ಸಂಚಿಕೆಯ ಸಿದ್ಧತೆ ನಡೆದಿದ್ದಾಗ ಒಂದು ಮುಂಜಾನೆ ಆ ಬರಹಗಳಷ್ಟೂ ಕಾಣದಾದವು. ಅಂದು ನಾನು ಕಲಿತುದನ್ನು ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ನಿರೂಪಿಸುತ್ತೇನೆ. ತೆರೆಯ ಮೇಲೆ ಆಂಗ್ಲ ಲಿಪಿಯಲ್ಲಿರುವ ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ.

ಮೊದಲು ಪರಿಭಾಷೆ. ಕರ್ನೆಲ್ ಎಂಬ ಪದಕ್ಕೆ 'ತಿರುಳು' ಎನ್ನುವುದು ಯುಕ್ತ. ಯಂತ್ರದ ಸಂಸ್ಕಾರಕ, ಸ್ಮೃತಿ, ತಟ್ಟೆ, ಕೀಲಿಮಣೆ ಇವುಗಳನ್ನು ಆಳುತ್ತ, ಉಳಿದ ತಂತ್ರಾಂಶಗಳಿಗೆ ಬೇಕಾದುದನ್ನು ಹಂಚಿಕೊಡುವ ಒಳಗಿನ ತಂತ್ರಾಂಶವೇ ತಿರುಳು. ಲಿನಕ್ಸ್ ಎಂಬುದು ನಿಜವಾಗಿ ಈ ತಿರುಳಿನ ಹೆಸರು. ಇದನ್ನು ೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದರು. ನಮ್ಮ ಕನ್ನಡ ಅಕ್ಷರಗಳಿಗೆ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಸ್ಥಾನ ದೊರೆತುದೂ ಅದೇ ವರ್ಷವೆಂಬುದು ನನಗೆ ಹಿತವಾದ ಸಂಗತಿ. ತಿರುಳಿನೊಳಗೆ ಎಲ್ಲವನ್ನೂ ಒಮ್ಮೆಗೇ ತುಂಬಿದರೆ ಅದು ಭಾರವಾಗುವುದು. ಆದುದರಿಂದ ಬೇಕಾದಾಗ ಸೇರಿಸಿ ಬೇಡವಾದಾಗ ಬಿಡಿಸುವ ಚಿಕ್ಕ ತುಣುಕುಗಳನ್ನು ಪ್ರತ್ಯೇಕವಾಗಿ ಇಟ್ಟಿರುತ್ತಾರೆ. ಇವೇ ಮಾಡ್ಯೂಲುಗಳು, ಅಂದರೆ ಘಟಕಗಳು. ಈಗ ಸೇರಿರುವ ಘಟಕಗಳನ್ನು 'ಎಲ್‌ಎಸ್‌ಮಾಡ್' ಎಂಬ ಆಜ್ಞೆ ತೋರಿಸುತ್ತದೆ.

ವರ್ಚುವಲ್ ಮಶೀನ್ ಎಂಬುದನ್ನು 'ಮಾಯಾಯಂತ್ರ' ಎನ್ನಲು ನನಗೆ ಮನಸ್ಸಾಗಲಿಲ್ಲ; ಅದರಲ್ಲಿ ಮಾಡಿದ ಕೆಲಸ ಮಾಯೆಯಲ್ಲ. 'ಅತಿಥಿಯಂತ್ರ' ಎನ್ನೋಣ. ನಮ್ಮ ಕೊಠಡಿಯ ಯಂತ್ರಗಳಲ್ಲಿ ವಿಂಡೋಸ್ ಇದೆ. ಅದರೊಳಗೆ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶವು ಮತ್ತೊಂದು ಯಂತ್ರವನ್ನು ಕಲ್ಪಿಸಿಕೊಡುತ್ತದೆ. ಆ ಅತಿಥಿಯಲ್ಲಿ ಅಂದು ಡೆಬಿಯನ್ ೧೦ ಎಂಬ ಲಿನಕ್ಸ್ ವಿತರಣೆ ಇತ್ತು; ಅದರ ತಿರುಳು ೪.೧೯ನೆಯದು. ಮಕ್ಕಳು ಅತಿಥಿಯಲ್ಲಿ ಬರೆದ ಲೇಖನಗಳು ಹೊರಗಿನ ಆತಿಥೇಯ ಯಂತ್ರದ ಕೋಶವೊಂದರಲ್ಲಿ ಶೇಖರವಾಗುತ್ತಿದ್ದವು. ಇಬ್ಬರಿಗೂ ಸಮಾನವಾದ ಈ ಕೋಶಕ್ಕೆ ಬಾಗಿಲಾಗಿದ್ದುದು 'ವಿಬಾಕ್ಸ್‌ಎಸ್‌ಎಫ್' ಎಂಬ ಘಟಕ. ಆ ತಿರುಳಿನ ಜೊತೆಗೆ ಅದು ಬರುತ್ತಿರಲಿಲ್ಲ. ಪ್ರತ್ಯೇಕವಾಗಿ ತಂದು ಕಟ್ಟಿಕೊಳ್ಳಬೇಕಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರಿಗೆ ಪ್ರಕೃತಿ, ಪ್ರತ್ಯಯಗಳ ಸಂಬಂಧ ತಿಳಿದಿದೆ. 'ಇಂದ' ಎಂಬ ಪ್ರತ್ಯಯ ಒಂದೇ. ಆದರೆ 'ಮರ' ಎಂಬ ಪ್ರಕೃತಿಗೆ ಸೇರುವಾಗ ದಕಾರವು ಆಗಮವಾಗಿ 'ಮರದಿಂದ' ಎಂದಾಗುತ್ತದೆ. 'ಮನೆ'ಗೆ ಸೇರುವಾಗ ಯಕಾರವು ಬಂದು 'ಮನೆಯಿಂದ' ಎಂದಾಗುತ್ತದೆ. ಮರಕ್ಕೆ ಸಿದ್ಧಪಡಿಸಿದ 'ದಿಂದ'ವನ್ನು ಕಿತ್ತು ಮನೆಗೆ ಹಚ್ಚಿ 'ಮನೆದಿಂದ' ಎಂದು ಬರೆದರೆ ಯಾವ ಪರೀಕ್ಷಕನೂ ಒಪ್ಪನು. ಘಟಕದ ಸ್ಥಿತಿಯೂ ಹೀಗೆಯೇ. ಅದರ ಮೂಲಬರಹ ಒಂದೇ ಆಗಿದ್ದರೂ ಕಟ್ಟಿದ ರೂಪವು ಆಯಾ ತಿರುಳಿಗೆ ಮಾತ್ರ ಹೊಂದುತ್ತದೆ. ಆದ್ದರಿಂದಲೇ ಲಿನಕ್ಸಿನಲ್ಲಿ ಪ್ರತಿಯೊಂದು ತಿರುಳಿನ ಆವೃತ್ತಿಗೂ 'ಲಿಬ್' ಕೋಶದೊಳಗಿನ 'ಮಾಡ್ಯೂಲ್ಸ್' ಎಂಬಲ್ಲಿ ಬೇರೆ ಬೇರೆ ಮನೆ ಕಟ್ಟಿರುತ್ತಾರೆ.

ಅಂದು ನಡೆದುದಿಷ್ಟು. ಹಿಂದಿನ ಸಾಯಂಕಾಲ ಅತಿಥಿಯಂತ್ರವನ್ನು ನವೀಕರಿಸಿದ್ದರು. ತಿರುಳಿನ ಆವೃತ್ತಿಸಂಖ್ಯೆಯ ತುದಿಯ ಅಂಕೆ ಒಂದೇ ಒಂದು ಹೆಚ್ಚಾಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. ಮರುದಿನ ಯಂತ್ರವು ಹೊಸ ತಿರುಳಿನಿಂದ ಎದ್ದಿತು, ಹೊಸ ಮನೆಯಲ್ಲಿ ವಿಬಾಕ್ಸ್‌ಎಸ್‌ಎಫ್ ಘಟಕವನ್ನು ಹುಡುಕಿತು, ಕಾಣಲಿಲ್ಲ. ಸಂಚಿಕೆಯ ಕೋಶ ಬರಿದಾಗಿ ತೋರಿತು. ನಲವತ್ತಕ್ಕೂ ಮಿಕ್ಕಿದ ಲೇಖನಗಳು ಹೋದವೆಂದು ನಾನು ಕೈಚೆಲ್ಲಿ ಕುಳಿತೆ. ನಮ್ಮ ಗಣಕ ಶಿಕ್ಷಕರು ನನ್ನ ಶಿಷ್ಯರೇ. "ಗುರುಗಳೇ, ಬರಹ ಎಲ್ಲಿಯೂ ಹೋಗಿಲ್ಲ, ಬಾಗಿಲು ಮುಚ್ಚಿದೆ ಅಷ್ಟೇ" ಎಂದು ಆತಿಥೇಯ ಯಂತ್ರದಲ್ಲಿ ಆ ಕೋಶವನ್ನು ತೆರೆದು ತೋರಿಸಿದಾಗ ಜೀವ ಬಂದಂತಾಯಿತು.

ಅಷ್ಟರಲ್ಲಿ ಚುರುಕಾದ ಹುಡುಗನೊಬ್ಬನು ಹಳೆಯ ಮನೆಯಿಂದ ಘಟಕದ ಕಡತವನ್ನು ಹೊಸ ಮನೆಗೆ ನಕಲು ಮಾಡಿ, 'ಡೆಪ್‌ಮಾಡ್' ಎಂಬ ಆಜ್ಞೆಯಿಂದ ಸೂಚಿಯನ್ನೂ ಹೊಸದು ಮಾಡಿ, 'ಮಾಡ್‌ಪ್ರೋಬ್' ಎಂಬ ಆಜ್ಞೆಯಿಂದ ಅದನ್ನು ಸೇರಿಸಲು ಹೋದನು. ಕೂರಿಗೆಯ ದಿಂಡನ್ನು ಬದಲಿಸಿ ಹಳೆಯ ತಾಳುಗಳನ್ನೇ ಬಡಿದು ಕೂರಿಸಿದಂತೆ! ತಿರುಳು ಒಪ್ಪಲಿಲ್ಲ. 'ಡಿಮೆಸೇಜ್' ಎಂಬ ಆಜ್ಞೆಯಿಂದ ತಿರುಳಿನ ದಿನಚರಿಯನ್ನು ತೆಗೆದು ನೋಡಿದರೆ, ಸಂಕೇತಗಳ ಆವೃತ್ತಿ ಹೊಂದುವುದಿಲ್ಲವೆಂದು ಬರೆದಿತ್ತು. ತಿರುಳು ಹೊರಗೆ ಕೊಡುವ ಪ್ರತಿಯೊಂದು ಸಂಕೇತಕ್ಕೂ ಒಂದು ತಾಳೆಸಂಖ್ಯೆ ಇರುತ್ತದೆ. ಘಟಕವು ತನ್ನಲ್ಲಿ ಬರೆದುಕೊಂಡ ಸಂಖ್ಯೆಯೂ ಅದೂ ಒಂದೇ ಆಗಿರಬೇಕು. ಈ ಕಟ್ಟುನಿಟ್ಟು ನನಗೆ ಬಹಳ ಹಿಡಿಸಿತು. ಹೊಂದದ ಘಟಕವನ್ನು ಒಳಬಿಟ್ಟರೆ ಅದು ಸ್ಮೃತಿಯ ತಪ್ಪು ಸ್ಥಳದಲ್ಲಿ ಕೈಯಿಟ್ಟು ಇಡೀ ಯಂತ್ರವನ್ನೇ ಕೆಡಹಬಹುದು.

ಸರಿಯಾದ ಕ್ರಮವು ಬೇರೆ. ಯಂತ್ರವು ಏಳುವಾಗ ಗ್ರಬ್ ಎಂಬ ಪಟ್ಟಿಯಲ್ಲಿ ಹಳೆಯ ತಿರುಳನ್ನು ಆರಿಸಿಕೊಂಡರೆ ಕೆಲಸ ಕೂಡಲೇ ಮುಂದುವರಿಯುತ್ತದೆ. ಅಂದು ಮಧ್ಯಾಹ್ನದವರೆಗೆ ನಾವು ಹಾಗೆಯೇ ಬರಹಗಳನ್ನು ತಿದ್ದಿದೆವು. ಬಳಿಕ ಹೊಸ ತಿರುಳಿನಿಂದ ಎದ್ದು, 'ಯುನೇಮ್ ಹೈಫನ್ ಆರ್' ಎಂದು ಕೇಳಿ ಆವೃತ್ತಿಯನ್ನು ತಿಳಿದು, ಅದೇ ಆವೃತ್ತಿಯ ಹೆಡರ್ ಕಡತಗಳನ್ನು ತರಿಸಿಕೊಂಡೆವು. ಹೆಡರುಗಳೆಂದರೆ ತಿರುಳಿನ ಸಂಧಿನಿಯಮಗಳೆನ್ನಬಹುದು. ಅವಿಲ್ಲದೆ ಘಟಕವನ್ನು ಕಟ್ಟಲಾಗದು. ನಮ್ಮ ತಪ್ಪು ಇದ್ದುದು ಇಲ್ಲಿಯೇ: ಒಂದು ಆವೃತ್ತಿಯ ಹೆಡರುಗಳನ್ನು ಮಾತ್ರ ಹಾಕಿಕೊಂಡಿದ್ದೆವು. 'ಲಿನಕ್ಸ್-ಹೆಡರ್ಸ್-ಎಎಂಡಿ೬೪' ಎಂಬ ಸಾಮಾನ್ಯ ಕಟ್ಟನ್ನು ಹಾಕಿದ್ದರೆ ಪ್ರತಿ ತಿರುಳಿನ ಹಿಂದೆ ಅದರ ಹೆಡರುಗಳೂ ತಾವಾಗಿ ಬರುತ್ತಿದ್ದವು. ಅನಂತರ 'ಆರ್‌ಸಿವಿಬಾಕ್ಸ್‌ಆಡ್ ಸೆಟಪ್' ಎಂಬ ಆಜ್ಞೆಯಿಂದ ಘಟಕ ಹೊಸದಾಗಿ ಕಟ್ಟಲ್ಪಟ್ಟು ಬಾಗಿಲು ತೆರೆಯಿತು. ಇಂಥ ಕಟ್ಟುವ ಕೆಲಸವನ್ನು ತಿರುಳು ಬದಲಾದಾಗಲೆಲ್ಲ ತಾನೇ ಮಾಡುವ ಡಿಕೆಎಂಎಸ್ ಎಂಬ ಸಾಧನವೂ ಇದೆ. ಡೆಲ್ ಕಂಪನಿಯ ಎಂಜಿನಿಯರರು ರಚಿಸಿದುದು. ಆದರೆ ಹೆಡರುಗಳಿಲ್ಲದಿದ್ದರೆ ಅದೂ ಅಸಹಾಯಕ.

ಇಲ್ಲಿಗೆ ಮುಗಿಯಲಿಲ್ಲ. ಒಂಬತ್ತನೆಯ ಇಯತ್ತೆಯ ಬಾಲಕನೊಬ್ಬನು ಬೆಳಿಗ್ಗೆ ಬರಿದಾದ ಕೋಶವನ್ನು ಕಂಡು, ಹೆದರಿ, ತನ್ನ ಪ್ರಬಂಧವನ್ನು ಯಾರಿಗೂ ಹೇಳದೆ ಮತ್ತೊಮ್ಮೆ ಬೆರಳಚ್ಚಿಸಿ ಅಲ್ಲಿಯೇ ಇಟ್ಟಿದ್ದನು. ಬಾಗಿಲು ತೆರೆದ ಮೇಲೆ ಎಲ್ಲರ ಬರಹ ಬಂದಿತು, ಅವನು ಅಂದು ಬರೆದುದು ಮಾತ್ರ ಇಲ್ಲ! ಅವನ ಕಣ್ಣಲ್ಲಿ ನೀರು. ಹೊರಗಿನ ಕೋಶವನ್ನು ಒಳಗಿನ ಖಾಲಿ ಕೋಶದ ಮೇಲೆ ಹೊದಿಸಿ ತೋರಿಸುವುದು ಲಿನಕ್ಸಿನ ಪದ್ಧತಿ. ಹೊದಿಕೆ ಇಲ್ಲದಾಗ ಇಟ್ಟ ಕಡತವು, ಹೊದಿಕೆ ಬಂದೊಡನೆ ಅದರ ಅಡಿಯಲ್ಲಿ ಮರೆಯಾಗುತ್ತದೆ. 'ಅಮೌಂಟ್' ಎಂಬ ಆಜ್ಞೆಯಿಂದ ಹೊದಿಕೆಯನ್ನು ಸರಿಸಿದಾಗ ಪ್ರಬಂಧ ಅಲ್ಲಿಯೇ ಕುಳಿತಿತ್ತು. ಎರಡನೆಯ ಸಲ ಬರೆದುದೇ ಚೆನ್ನಾಗಿದ್ದುದರಿಂದ ಸಂಚಿಕೆಯಲ್ಲಿ ಅದನ್ನೇ ಸೇರಿಸಿದೆವು.

ಈ ಪ್ರಸಂಗದ ಬಳಿಕ, ಇನ್ನು ಮುಂದೆ ನವೀಕರಣವೇ ಬೇಡವೆಂದು ಕೆಲವು ಶಿಕ್ಷಕರು ಹೇಳಿದರು. ತಿರುಳಿನ ಕಟ್ಟನ್ನು ಇದ್ದ ಆವೃತ್ತಿಯಲ್ಲೇ ನಿಲ್ಲಿಸುವ 'ಹೋಲ್ಡ್' ಎಂಬ ಉಪಾಯವೂ ಇದೆ. ಪರೀಕ್ಷೆಯ ವಾರದಲ್ಲಿ ಅದು ಯುಕ್ತವೇ, ಸದಾಕಾಲಕ್ಕೆ ಅಲ್ಲ. ತಿರುಳಿನ ಹೊಸ ಆವೃತ್ತಿಗಳು ಬಹುತೇಕ ರಕ್ಷಣೆಯ ದೋಷಗಳನ್ನು ತಿದ್ದುವುದಕ್ಕಾಗಿಯೇ ಬರುತ್ತವೆ. ಮಕ್ಕಳ ಹೆಸರು, ಅಂಕಗಳಿರುವ ಯಂತ್ರವನ್ನು ತಿದ್ದದೆ ಬಿಡುವುದು ಸರಿಯಲ್ಲವೆಂದು ನಾನು ವಾದಿಸಿದೆ. ಡೆಬಿಯನ್ ೧೦ಕ್ಕೆ ದೀರ್ಘಾವಧಿಯ ಬೆಂಬಲವೂ ೨೦೨೪ರ ಜೂನ್‌ನಲ್ಲಿ ಮುಗಿದುದರಿಂದ ನಾವು ಹೇಗೂ ಮುಂದಿನದಕ್ಕೆ ಸಾಗಬೇಕಾಯಿತು. ವಿಬಾಕ್ಸ್‌ಎಸ್‌ಎಫ್ ಘಟಕವು ೨೦೨೦ರ ೫.೬ನೆಯ ಆವೃತ್ತಿಯಿಂದ ತಿರುಳಿನ ಮೂಲದಲ್ಲಿಯೇ ಸೇರಿದೆ. ಆದ್ದರಿಂದ ಈ ಒಂದು ತೊಡಕು ಈಗ ಕಡಿಮೆ. ಹೊರಗಿನಿಂದ ತಂದ ಬೇರೆ ಘಟಕಗಳಿಗೆ ಹಳೆಯ ನಿಯಮವೇ ಸಲ್ಲುತ್ತದೆ.

ಅತಿಥಿಯಂತ್ರದಲ್ಲಿ ನಮಗೆ ದೊರೆಯುವ ದೊಡ್ಡ ಅನುಕೂಲವೆಂದರೆ ಸ್ನ್ಯಾಪ್‌ಶಾಟ್. ನವೀಕರಣಕ್ಕೆ ಮುನ್ನ ಯಂತ್ರದ ಸ್ಥಿತಿಯನ್ನು ಇದ್ದಂತೆ ಹಿಡಿದಿಟ್ಟರೆ, ಕೆಟ್ಟಾಗ ಆ ಸ್ಥಿತಿಗೆ ಮರಳಬಹುದು. ಆದರೆ ಹಾಗೆ ಮರಳಿದಾಗ, ನಡುವೆ ಅತಿಥಿಯೊಳಗೆ ಬರೆದುದೆಲ್ಲ ಅಳಿಯುತ್ತದೆ. ಹೊರಗಿನ ಸಮಾನ ಕೋಶದಲ್ಲಿದ್ದುದು ಉಳಿಯುತ್ತದೆ. ಸ್ನ್ಯಾಪ್‌ಶಾಟ್ ಇರುವುದು ಅದೇ ಯಂತ್ರದ ತಟ್ಟೆಯಲ್ಲಾದ್ದರಿಂದ ಅದನ್ನೇ ಕಾಪುಪ್ರತಿಯೆಂದು ನಂಬಬಾರದು. ನಮ್ಮ ಕಡೆ ಕರೆಂಟ್ ಯಾವಾಗ ಹೋಗುವುದೋ ತಿಳಿಯದು. ತಿರುಳನ್ನು ಬರೆಯುತ್ತಿರುವಾಗ ಹೋದರೆ ಯಂತ್ರ ಏಳದೇ ಇರಬಹುದು. ಆದುದರಿಂದ ಯುಪಿಎಸ್ ತುಂಬಿದೆಯೇ ಎಂದು ನೋಡಿಯೇ ನವೀಕರಣಕ್ಕೆ ಕೈಹಾಕುತ್ತೇವೆ.

ಹಿಂದೆ ಓಲೆಗರಿಯನ್ನು ಪ್ರತಿಮಾಡಿದವರು ಹೊಸ ಪ್ರತಿಯನ್ನು ಮೂಲದೊಡನೆ ಒಪ್ಪಿಟ್ಟು ನೋಡುವವರೆಗೆ ಹಳೆಯ ಗರಿಗಳನ್ನು ಬಿಡುತ್ತಿರಲಿಲ್ಲ. ಈಗ ನಮ್ಮ ಕೊಠಡಿಯಲ್ಲಿಯೂ ಹೊಸ ತಿರುಳಿನಿಂದ ಒಂದು ವಾರ ಕೆಲಸ ನಡೆದು, ಸಮಾನ ಕೋಶ, ತೆರೆ, ಜಾಲ, ಮುದ್ರಕಗಳೆಲ್ಲ ಸರಿಯಿವೆಯೆಂದು ಕಂಡ ಮೇಲೆಯೇ 'ಆಟೋರಿಮೂವ್' ಆಜ್ಞೆಯಿಂದ ಹಳೆಯದನ್ನು ತೆಗೆಯುತ್ತಾರೆ. ಗೋಡೆಗೆ ತೂಗಹಾಕಿದ ವಹಿಯಲ್ಲಿ ದಿನಾಂಕ, ಹಳೆಯ ಆವೃತ್ತಿ, ಹೊಸ ಆವೃತ್ತಿ, ಮಾಡಿದವರ ರುಜು ಎಂಬ ನಾಲ್ಕು ಕಲಮುಗಳಿವೆ. ಅದರಲ್ಲಿ ಅಂಕೆಗಳನ್ನು ಕನ್ನಡದಲ್ಲಿಯೇ ಬರೆಯಬೇಕೆಂಬುದು ಮಾತ್ರ ನನ್ನ ಹಟ.